25 ಸೈಕಲ್‌ನ ಫ್ಯಾನು: ಹಳೆಯ ಸೀಲಿಂಗ್ ಫ್ಯಾನೊಂದನ್ನು ಗುರುತಿಸಿ ಉಳಿಸಿಕೊಂಡ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಹಳೆಯ ಬಡಾವಣೆಯೊಂದರಲ್ಲಿ ತಮ್ಮ ಮದ್ರಾಸ್ ತಾರಸಿಯ ಮನೆಯನ್ನು ಕೆಡವದೆ ಉಳಿಸಿಕೊಳ್ಳಲು ನಿರ್ಧರಿಸಿದ ದಂಪತಿ, ಅದರ ನಡುಮನೆಗೆ ಒಪ್ಪುವ ಹಳೆಯ ಫ್ಯಾನೊಂದನ್ನು ಬಹಳ ದಿನಗಳಿಂದ ಹುಡುಕುತ್ತಿದ್ದರು. ಕೊನೆಗೆ ಗುಜರಿ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿ ಅವರಿಗೆ ಸಿಕ್ಕಿದ್ದು ಬೀಡು ಕಬ್ಬಿಣದ ಒಡಲು, ನಾಲ್ಕು ಮರದ ರೆಕ್ಕೆಗಳು ಮತ್ತು ಕೆಳಗೆ ನಾಲ್ಕು ಕೈಗಳ ದೀಪದ ಗೊಂಚಲಿದ್ದ ಒಂದು ಸೀಲಿಂಗ್ ಫ್ಯಾನು. ರೆಕ್ಕೆಯ ತುದಿಯಿಂದ ತುದಿಗೆ 56 ಇಂಚು, ಗೊಂಚಲು ಸೇರಿ ತೂಕ 23 ಕಿಲೋ. ಮೈಯೆಲ್ಲ ದಪ್ಪನೆಯ ಬೆಳ್ಳಿ ಬಣ್ಣದ ಅಲ್ಯುಮಿನಿಯಂ ಪೇಂಟು ಬಳಿದಿತ್ತು. ಗಾಜಿನ ನಾಲ್ಕು ಬುರುಡೆಗಳಲ್ಲಿ ಎರಡು ಮಾತ್ರ ಉಳಿದಿದ್ದವು.

ಇದು ಕೋಲಾರದ ಚಿನ್ನದ ಗಣಿಯ ಬಂಗಲೆಯೊಂದರಿಂದ ಬಂದದ್ದೆಂದು ವ್ಯಾಪಾರಿ ಹೇಳಿದ್ದರು. ಹಳೆಯ ಸಾಮಾನಿನ ವ್ಯಾಪಾರದಲ್ಲಿ ಅರಮನೆ, ಕ್ಲಬ್ಬು, ದೊರೆಗಳ ಬಂಗಲೆ ಎಂಬ ಮಾತುಗಳು ಎಷ್ಟು ಸಲೀಸಾಗಿ ಬರುತ್ತವೆ ಎಂಬುದು ಈ ಕ್ಷೇತ್ರದಲ್ಲಿರುವ ಎಲ್ಲರಿಗೂ ಗೊತ್ತು. ಆದ್ದರಿಂದ ಆ ಮಾತನ್ನು ನಾನು ಬರೆದಿಟ್ಟುಕೊಂಡೆನೇ ಹೊರತು ನಂಬಲಿಲ್ಲ. ಆ ಮಾತಿಗೆ ಆಧಾರವಿದೆಯೆಂದು ಫ್ಯಾನೇ ತೋರಿಸಿಕೊಟ್ಟ ಬಗೆ ಈ ಬರಹದ ಮುಖ್ಯ ವಿಷಯ. ಮನೆಯವರು, ವ್ಯಾಪಾರಿ, ಕೆಲಸ ಮಾಡಿದ ಕುಶಲಕರ್ಮಿಗಳು ಯಾರ ಗುರುತೂ ತಿಳಿಯದ ಹಾಗೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ.

ಸಮಸ್ಯೆ

ನನ್ನನ್ನು ಕರೆಯುವ ಮೊದಲೇ ಮನೆಯವರು ಒಬ್ಬ ಎಲೆಕ್ಟ್ರಿಷಿಯನ್ನರನ್ನು ಕರೆಸಿ ಫ್ಯಾನಿಗೆ ಕರೆಂಟು ಕೊಡಿಸಿ ನೋಡಿದ್ದರು. ಅದು ತಿರುಗಿತು, ಆದರೆ ತೀರಾ ನಿಧಾನವಾಗಿ. ಕೈಯಿಂದ ಒಮ್ಮೆ ತಳ್ಳಿದರೆ ಮಾತ್ರ ಹೊರಡುತ್ತಿತ್ತು. ಹೊರಟ ಮೇಲೂ ರೆಕ್ಕೆಗಳನ್ನು ಒಂದೊಂದಾಗಿ ಎಣಿಸಬಹುದಾಗಿತ್ತು. ನಿಧಾನಗೊಂಡ ಫ್ಯಾನಿಗೆ ನಮ್ಮಲ್ಲಿ ಮೊದಲು ಮಾಡುವ ಉಪಚಾರ ಕಂಡೆನ್ಸರ್ ಬದಲಿಸುವುದು. ಅವರು ಎರಡೂವರೆ ಮೈಕ್ರೋಫ್ಯಾರಡಿನ ಕಂಡೆನ್ಸರ್ ತಂದಿದ್ದರೂ ಅದನ್ನು ಜೋಡಿಸಲು ಬೇಕಾದ ಎರಡನೆಯ ಸುರುಳಿಯೇ ಈ ಫ್ಯಾನಿನಲ್ಲಿ ಇರಲಿಲ್ಲ. ಹೊರಬಂದಿದ್ದವು ಎರಡೇ ವೈರುಗಳು. ಆಮೇಲೆ ಅದನ್ನು ವೈಂಡಿಂಗ್ ಅಂಗಡಿಗೆ ಒಯ್ದರು. ಕಾಯಿಲ್ ದುರ್ಬಲವಾಗಿದೆ, ಎಲ್ಲವನ್ನೂ ಕತ್ತರಿಸಿ ತೆಗೆದು ಹೊಸ ತಂತಿ ಸುತ್ತಬೇಕು ಎಂಬ ಸಲಹೆ ಅಲ್ಲಿ ಸಿಕ್ಕಿತು. ಮುಂಗಡ ಕೊಡುವ ಹಿಂದಿನ ದಿನ ಮನೆಯ ಯಜಮಾನರು ನನಗೆ ಫೋನ್ ಮಾಡಿದರು.

ಅವರು ಕೇಳಿದ್ದು ಎರಡು ಪ್ರಶ್ನೆ. ಈ ಫ್ಯಾನು ಯಾವುದು, ಯಾವ ಕಾಲದ್ದು? ಹೊಸ ತಂತಿ ಸುತ್ತಿಸಬಹುದೇ? ಎರಡೂ ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದು ಆ ಹೊತ್ತಿನಲ್ಲಿ ನನಗೂ ತಿಳಿದಿರಲಿಲ್ಲ.

ಮೊದಲ ಮೂರು ವಾರದ ತಪ್ಪು

ಮೊದಲ ನೋಟಕ್ಕೆ ಇದು ಬ್ರಿಟಿಷ್ ಫ್ಯಾನು ಎಂದುಕೊಂಡೆ. ಗೊಂಚಲಿನ ಒಂದು ಕೈಯಲ್ಲಿ, ನಮ್ಮ ಮನೆಗಳಲ್ಲಿ ಇವತ್ತಿಗೂ ಕಾಣುವ, ಬಲ್ಬನ್ನು ಒತ್ತಿ ತಿರುಗಿಸಿ ಕೂರಿಸುವ ಹಿತ್ತಾಳೆಯ ಪಿನ್ ಹೋಲ್ಡರ್ ಇತ್ತು. ಅದು ಬ್ರಿಟನ್ನಿನಿಂದ ನಮಗೆ ಬಂದ ಪದ್ಧತಿ. ಫ್ಯಾನನ್ನು ತೂಗುವ ಮುಕ್ಕಾಲು ಇಂಚಿನ ಪೈಪಿನ ಥ್ರೆಡ್ಡೂ ಬ್ರಿಟಿಷ್ ಅಳತೆಯದೇ ಆಗಿತ್ತು. ಈ ಎರಡು ಸಾಕ್ಷಿ ಸಾಕೆಂದು ಭಾವಿಸಿ, ಬ್ರಿಟಿಷ್ ತಯಾರಕರ ಹಳೆಯ ಚಿತ್ರಗಳೊಂದಿಗೆ ಒಡಲಿನ ಆಕಾರವನ್ನು ಹೋಲಿಸುತ್ತಾ ಮೂರು ವಾರ ಕಳೆದೆ. ಯಾವುದೂ ಹೊಂದಲಿಲ್ಲ.

ಇದೇ ಅವಧಿಯಲ್ಲಿ ಬೇರಿಂಗನ್ನು ಬಿಚ್ಚಿದೆವು. ಒಳಗೆ ಉಕ್ಕಿನ ಗುಂಡುಗಳ ಬಳೆ ಎಣ್ಣೆಯ ಬಟ್ಟಲೊಳಗೆ ಕೂತಿರುವ ರಚನೆ ಇತ್ತು. ಎಣ್ಣೆ ಇರಬೇಕಾದ ಜಾಗದಲ್ಲಿ ಯಾರೋ ಗ್ರೀಸ್ ತುಂಬಿದ್ದರು. ಅದು ಒಣಗಿ ಡಾಂಬರಿನಂತೆ ಗಟ್ಟಿಯಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ ತೊಳೆದು, ತೆಳುವಾದ ಸ್ಪಿಂಡಲ್ ಎಣ್ಣೆ ಹಾಕಿದಾಗ ರೆಕ್ಕೆಯಿಲ್ಲದ ಒಡಲು ಬೆರಳ ತುದಿಯಿಂದ ತಳ್ಳಿದರೆ ಬಹಳ ಹೊತ್ತು ತಿರುಗಿತು. ರೋಗ ಸಿಕ್ಕಿತೆಂದು ಎಲ್ಲರೂ ಸಂತೋಷಪಟ್ಟೆವು. ರೆಕ್ಕೆ ಹಾಕಿ ಕರೆಂಟು ಕೊಟ್ಟರೆ, ನಿಮಿಷಕ್ಕೆ 85 ಸುತ್ತು ತಿರುಗುತ್ತಿದ್ದದ್ದು 95 ಆಗಿತ್ತು, ಅಷ್ಟೇ.

ಸುರುಳಿಯ ಸ್ಥಿತಿಯನ್ನು 500 ವೋಲ್ಟಿನ ಮೆಗ್ಗರ್‌ನಿಂದ (ಕರೆಂಟು ಸೋರದಂತೆ ಹೊದಿಕೆ ಎಷ್ಟು ತಡೆಯುತ್ತದೆ ಎಂದು ಅಳೆಯುವ ಉಪಕರಣ) ಪರೀಕ್ಷಿಸಿದಾಗ ಒಡಲಿಗೂ ಸುರುಳಿಗೂ ನಡುವಿನ ನಿರೋಧ 0.4 ಮೆಗಾಓಮ್ ಮಾತ್ರ ಬಂತು. ಮಳೆಗಾಲದಲ್ಲಿ ಗೋದಾಮಿನಲ್ಲಿ ಬಿದ್ದಿದ್ದ ಹತ್ತಿ ಹೊದಿಕೆಯ ತಂತಿಯಿಂದ ಬೇರೇನನ್ನು ನಿರೀಕ್ಷಿಸಲಾದೀತು? ಪ್ಲೈವುಡ್ಡಿನ ಪೆಟ್ಟಿಗೆಯೊಳಗೆ 60 ವ್ಯಾಟಿನ ಎರಡು ಬಲ್ಬುಗಳ ಬಿಸಿಯಲ್ಲಿ ಆರು ದಿನ ಇಟ್ಟ ಮೇಲೆ ಅದು 18 ಮೆಗಾಓಮ್‌ಗೆ ಏರಿತು. ಸುರುಳಿಗಳ ತಾಮ್ರದ ನಿರೋಧವೂ ಎಲ್ಲ ಧ್ರುವಗಳಲ್ಲಿ, ಅಂದರೆ ಸುರುಳಿ ಸುತ್ತಿದ ಕಬ್ಬಿಣದ ಹಲ್ಲುಗಳಲ್ಲಿ (ಪೋಲುಗಳಲ್ಲಿ), ಒಂದೇ ಸಮನಾಗಿತ್ತು. ಅಂದರೆ ಸುತ್ತುಗಳು ಒಂದಕ್ಕೊಂದು ತಗುಲಿಲ್ಲ, ತಂತಿ ಸುಟ್ಟಿಲ್ಲ, ಸುರುಳಿ ಆರೋಗ್ಯವಾಗಿದೆ. ಬೇರಿಂಗ್ ಸರಿಯಿದೆ. ಆದರೂ ಫ್ಯಾನಿಗೆ ಕಸುವಿಲ್ಲ. ದುರಸ್ತಿಯಲ್ಲಿ ಇದಕ್ಕಿಂತ ಕಷ್ಟದ ಸ್ಥಿತಿ ಇಲ್ಲ: ಯಾವ ಭಾಗವೂ ಕೆಟ್ಟಿಲ್ಲ, ಇಡಿಯ ವಸ್ತು ಮಾತ್ರ ಕೆಲಸ ಮಾಡುತ್ತಿಲ್ಲ.

ಧ್ರುವಗಳ ಲೆಕ್ಕ

ತಿರುವು ಬಂದದ್ದು ವೈಂಡಿಂಗ್ ಅಂಗಡಿಯ ಹಿರಿಯ ಕೆಲಸಗಾರರ ಒಂದು ಮಾತಿನಿಂದ. ಹೊಸ ತಂತಿ ಸುತ್ತಿದರೆ ಎಷ್ಟು ಕಾಯಿಲ್ ಹಾಕುತ್ತೀರಿ ಎಂದು ವಿಚಾರಿಸಲು ಹೋದಾಗ ಅವರು ಸುಮ್ಮನೆ ಹೇಳಿದರು: “ಇದು ವಿಚಿತ್ರ ಇದೆ ಸಾರ್. ಹತ್ತೇ ಪೋಲು. ನಮ್ಮ ಕಡೆ ಬರೋ ಫ್ಯಾನೆಲ್ಲ ಹನ್ನೆರಡು, ಹದಿನಾಲ್ಕು, ಹದಿನಾರು. ಹತ್ತು ಇರೋದನ್ನ ಇವತ್ತಿನವರೆಗೂ ನಾನು ಸುತ್ತಿಲ್ಲ.”

ಮನೆಗೆ ಬರುವ ದಾರಿಯುದ್ದಕ್ಕೂ ಆ ಹತ್ತು ನನ್ನ ತಲೆಯಲ್ಲಿತ್ತು. ಇಂಡಕ್ಷನ್ ಮೋಟಾರಿನಲ್ಲಿ ಕಾಂತಕ್ಷೇತ್ರ ತಿರುಗುವ ವೇಗವನ್ನು ಎರಡೇ ಸಂಗತಿಗಳು ನಿರ್ಧರಿಸುತ್ತವೆ: ಕರೆಂಟಿನ ಆವರ್ತನ (ಅದು ಸೆಕೆಂಡಿಗೆ ಎಷ್ಟು ಸಲ ಹಿಂದೆ ಮುಂದೆ ಹರಿಯುತ್ತದೆ ಎಂಬ ಲೆಕ್ಕ, ಹಿಂದಿನವರ ಸೈಕಲ್, ಇವತ್ತಿನ ಹರ್ಟ್ಸ್) ಮತ್ತು ಧ್ರುವಗಳ ಸಂಖ್ಯೆ. ಆವರ್ತನವನ್ನು 120ರಿಂದ ಗುಣಿಸಿ ಧ್ರುವಗಳಿಂದ ಭಾಗಿಸಿದರೆ ನಿಮಿಷದ ಸುತ್ತುಗಳು ಸಿಗುತ್ತವೆ. ನಮ್ಮ 50 ಸೈಕಲ್‌ಗೆ ಹತ್ತು ಧ್ರುವವೆಂದರೆ 600 ಸುತ್ತು. ಜಾರಿಕೆಯನ್ನು (ಕಾಂತಕ್ಷೇತ್ರಕ್ಕಿಂತ ಮೋಟಾರು ಹಿಂದುಳಿಯುವಷ್ಟು ವೇಗವನ್ನು) ಎಷ್ಟು ಕಳೆದರೂ, 56 ಇಂಚಿನ ಮರದ ರೆಕ್ಕೆಗಳನ್ನು ಆ ವೇಗಕ್ಕೆಂದು ಯಾವ ತಯಾರಕರೂ ರೂಪಿಸುವುದಿಲ್ಲ. ಅದೇ ಹತ್ತು ಧ್ರುವ, 25 ಸೈಕಲ್ ಆದರೆ 300 ಸುತ್ತು. ಜಾರಿಕೆ ಕಳೆದು ಇನ್ನೂರರ ಆಚೀಚೆ. ಹಳೆಯ ದೊಡ್ಡ ರೆಕ್ಕೆಯ ಫ್ಯಾನಿಗೆ ಅದು ಸಹಜವಾದ ನಡೆ.

ಫ್ಯಾನಿನ ನಿಧಾನಕ್ಕೂ ಇದರಿಂದ ಅರ್ಥ ಸಿಕ್ಕಿತು. 25 ಸೈಕಲ್‌ಗೆಂದು ಸುತ್ತಿದ ಸುರುಳಿಗೆ ಅದೇ ವೋಲ್ಟೇಜಿನಲ್ಲಿ 50 ಸೈಕಲ್ ಕೊಟ್ಟರೆ ಸುರುಳಿ ಒಡ್ಡುವ ಪ್ರತಿರೋಧ ಇಮ್ಮಡಿಯಾಗುತ್ತದೆ, ಒಳಗಿನ ಕಾಂತಬಲ ಅರ್ಧವಾಗುತ್ತದೆ, ತಿರುಚುವ ಶಕ್ತಿ ಸರಿಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಸುರುಳಿ ದುರ್ಬಲವಾಗಿತ್ತೆಂಬ ರೋಗನಿರ್ಣಯದಲ್ಲಿ ಲಕ್ಷಣ ಸರಿಯಾಗಿಯೇ ಇತ್ತು, ಕಾರಣ ಮಾತ್ರ ತಪ್ಪಾಗಿತ್ತು.

ಈಗ ನಾಮಫಲಕ ಬೇಕಾಯಿತು. ಒಡಲಿನ ಮೇಲ್ಭಾಗದಲ್ಲಿ, ಪೈಪು ಸೇರುವ ಕುತ್ತಿಗೆಯ ಹತ್ತಿರ, ಪೇಂಟಿನ ಕೆಳಗೆ ಅಂಚುಳ್ಳ ಒಂದು ಆಯತ ಬೆರಳಿಗೆ ತಾಕುತ್ತಿತ್ತು. ತಂತಿಯ ಬ್ರಷ್ಷನ್ನಾಗಲಿ ಬಫಿಂಗ್ ಚಕ್ರವನ್ನಾಗಲಿ ಅದರ ಮೇಲೆ ಇಡಲು ನಾನು ಬಿಡಲಿಲ್ಲ. ಹಳೆಯ ಹಿತ್ತಾಳೆ ಫಲಕಗಳ ಅಕ್ಷರಗಳನ್ನು ಎಷ್ಟೋ ಸಲ ಆಮ್ಲದಿಂದ ಕೂದಲೆಳೆಯಷ್ಟು ಮಾತ್ರ ಕೊರೆದಿರುತ್ತಾರೆ. ಚಕ್ರ ಒಂದು ನಿಮಿಷ ಆಡಿದರೂ ಫ್ಯಾನಿನ ಜನ್ಮಪತ್ರ ಹೊಳೆಯುವ ಖಾಲಿ ತಗಡಾಗಿಬಿಡುತ್ತದೆ. ಪೇಂಟು ಕರಗಿಸುವ ಲೇಪವನ್ನು ಹತ್ತಿಯಲ್ಲಿ ಸ್ವಲ್ಪ ಸ್ವಲ್ಪವೇ ಹಚ್ಚಿ, ಬಿದಿರಿನ ಕಡ್ಡಿಯಿಂದ ಎತ್ತುತ್ತಾ ಎರಡು ದಿನ ಕೆಲಸ ಮಾಡಿದೆವು. ತಯಾರಕರ ಹೆಸರಿದ್ದ ಮೇಲಿನ ಸಾಲು ತುಕ್ಕಿನಲ್ಲಿ ಆಗಲೇ ತಿಂದುಹೋಗಿತ್ತು. ಉಳಿದದ್ದನ್ನು ಟಾರ್ಚನ್ನು ಪಕ್ಕದಿಂದ ಅಡ್ಡ ಹಿಡಿದು, ತೆಳು ಕಾಗದದ ಮೇಲೆ ಪೆನ್ಸಿಲ್ ಉಜ್ಜಿ ಓದಿದೆವು. 220 ವೋಲ್ಟು. 25 ಸೈಕಲ್. ಅದರ ಕೆಳಗೆ ಸಾಲಾಗಿ ಪೇಟೆಂಟ್ ದಿನಾಂಕಗಳು, ಕೊನೆಯದು 1910ರ ದಶಕದ್ದು.

ಪೇಟೆಂಟ್ ದಿನಾಂಕಗಳನ್ನು ಹೀಗೆ ಪಟ್ಟಿಯಾಗಿ ಫಲಕದ ಮೇಲೆ ಅಚ್ಚು ಹಾಕುವುದು ಅಮೆರಿಕದ ತಯಾರಕರ ರೂಢಿ. ಅವುಗಳಲ್ಲಿ ಕೊನೆಯ ದಿನಾಂಕ ಫ್ಯಾನಿನ ವಯಸ್ಸಲ್ಲ. ಅದಕ್ಕಿಂತ ಹಿಂದೆ ಅದು ಹುಟ್ಟಿರಲಾರದು ಎಂಬ ಗಡಿ ಮಾತ್ರ. ಈ ಎರಡನ್ನೂ ಒಂದೆಂದು ಭಾವಿಸಿ ವಯಸ್ಸು ಹೇಳುವವರು ಬಹಳ ಜನ ಇದ್ದಾರೆ.

ಅಮೆರಿಕವೆಂಬ ಸುಳಿವು ಸಿಕ್ಕ ಮೇಲೆ ಒಡಲಿನ ಒಳಗಿನ ಬೋಲ್ಟುಗಳನ್ನು ಥ್ರೆಡ್ ಗೇಜಿನಿಂದ ಅಳೆದೆ. ಅರ್ಧ ಇಂಚಿನ ಬೋಲ್ಟಿಗೆ ಬ್ರಿಟಿಷ್ ವಿಟ್‌ವರ್ತ್ ಪದ್ಧತಿಯಲ್ಲಿ ಇಂಚಿಗೆ 12 ಎಳೆ (ಥ್ರೆಡ್ಡಿನ ಸುತ್ತು), ಅಮೆರಿಕದ ಪದ್ಧತಿಯಲ್ಲಿ 13. ಇಲ್ಲಿ 13 ಇದ್ದವು. ಕಾಲು ಇಂಚು ಮತ್ತು ಇತರ ಬಹುತೇಕ ಅಳತೆಗಳಲ್ಲಿ ಎರಡೂ ಪದ್ಧತಿಗಳ ಎಳೆಗಳ ಸಂಖ್ಯೆ ಒಂದೇ ಆಗಿ, ಎಳೆಯ ಕೋನ ಮಾತ್ರ ಬೇರೆ ಇರುತ್ತದೆ, ಬ್ರಿಟಿಷರದು 55 ಡಿಗ್ರಿ, ಅಮೆರಿಕದ್ದು 60. ಹಾಗಾಗಿ ಗುರುತಿಸುವವರಿಗೆ ಆ ಅರ್ಧ ಇಂಚಿನ ಬೋಲ್ಟೊಂದು ಬಹಳ ಬೆಲೆಯುಳ್ಳದ್ದು. ಗೊಂಚಲಿನ ಉಳಿದ ಮೂರು ಹೋಲ್ಡರ್‌ಗಳು, ಪೇಂಟು ತೆಗೆದಾಗ, ಅಮೆರಿಕದಲ್ಲಿ ಬಳಕೆಯಲ್ಲಿರುವ ತಿರುಗಿಸಿ ಹಾಕುವ ಸ್ಕ್ರೂ ಹೋಲ್ಡರ್‌ಗಳಾಗಿದ್ದವು. ನನ್ನನ್ನು ಮೂರು ವಾರ ದಾರಿತಪ್ಪಿಸಿದ ಪಿನ್ ಹೋಲ್ಡರ್ ಮತ್ತು ಪೈಪು, ಎರಡೂ ಇಲ್ಲಿಯ ರಿಪೇರಿಯಲ್ಲಿ ಸೇರಿಕೊಂಡವು.

ಈ ಪ್ರಕರಣದಿಂದ ನಾನು ಕಲಿತ ದೊಡ್ಡ ಪಾಠ ಇಲ್ಲೇ ಇದೆ. ಹೋಲ್ಡರ್, ವೈರು, ಪೈಪು, ಕೊಕ್ಕೆ, ಬಣ್ಣ ಇವೆಲ್ಲ ಸುಲಭವಾಗಿ ಬದಲಾಗುವ ಭಾಗಗಳು. ಅವು ಫ್ಯಾನಿನ ನಂತರದ ಬದುಕನ್ನು ಹೇಳುತ್ತವೆ. ಹುಟ್ಟಿನ ಬಗ್ಗೆ ಕೇಳಬೇಕಾದದ್ದು ಯಾರೂ ಬದಲಿಸಲಾಗದ ಭಾಗಗಳನ್ನು: ಧ್ರುವಗಳ ಸಂಖ್ಯೆ, ಎರಕದ ಒಡಲು, ಒಳಗಿನ ಥ್ರೆಡ್ಡು. ನಾನು ಮೊದಲು ಕಣ್ಣಿಗೆ ಬಿದ್ದದ್ದನ್ನು ಮೊದಲು ನಂಬಿದೆ. ಒಡಲು ಬಿಚ್ಚಿದ್ದ ದಿನವೇ ಧ್ರುವಗಳನ್ನು ಎಣಿಸಿದ್ದರೆ ಆ ಸಂಜೆಯೇ ಉತ್ತರ ಸಿಗುತ್ತಿತ್ತು.

ಶಿವನಸಮುದ್ರದ ನಂಟು

25 ಸೈಕಲ್ ಎಂಬ ಅಂಕಿಯನ್ನು ಓದಿದಾಗ ವ್ಯಾಪಾರಿಯ ಮಾತು ನೆನಪಾಯಿತು. ಮೈಸೂರು ಸಂಸ್ಥಾನವು ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತಯಾರಿಸಿ, 1902ರ ಜೂನ್ 30ರಂದು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಸಿತು. 1905ರಲ್ಲಿ ಅದೇ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿ ದೀಪಗಳು ಹೊತ್ತಿದವು. ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಅಲ್ಲಿ ಹುಟ್ಟುತ್ತಿದ್ದ ವಿದ್ಯುತ್ತು 25 ಸೈಕಲ್‌ನದು. ನಯಾಗರಾ ಜಲಪಾತದ ದೊಡ್ಡ ಕೇಂದ್ರವೂ 25 ಸೈಕಲ್ಲನ್ನೇ ಆರಿಸಿಕೊಂಡಿದ್ದರಿಂದ, ಆ ಆವರ್ತನಕ್ಕೆ ಹೊಂದುವ ಫ್ಯಾನುಗಳನ್ನು ಅಮೆರಿಕದ ತಯಾರಕರು ಮಾಡಿ ಮಾರುತ್ತಿದ್ದರು.

ಹೀಗಾಗಿ ಫಲಕದ ಎರಡು ಅಂಕಿಗಳನ್ನು ಒಟ್ಟಿಗೆ ಓದಬೇಕು. ಅಮೆರಿಕದ ಮನೆಗಳಿಗೆಂದು ಮಾಡಿದ ಫ್ಯಾನಾಗಿದ್ದರೆ 110ರ ಆಸುಪಾಸಿನ ವೋಲ್ಟೇಜು ಇರುತ್ತಿತ್ತು. 220 ಇರುವುದರಿಂದ ಇದು ಹೊರದೇಶಕ್ಕೆಂದು ಮಾಡಿದ್ದು. ಕಲ್ಕತ್ತಾದ ಹಳೆಯ ಮನೆಗಳ ಫ್ಯಾನಾಗಿದ್ದರೆ ಅದು ಡಿ.ಸಿ. ವಿದ್ಯುತ್ತಿನದಾಗಿ, ಒಳಗೆ ಕಾರ್ಬನ್ ಬ್ರಷ್ಷುಗಳೂ ಕಮ್ಯುಟೇಟರೂ ಇರುತ್ತಿದ್ದವು, ಇದರಲ್ಲಿ ಅವಿಲ್ಲ. 220 ವೋಲ್ಟಿನ, 25 ಸೈಕಲ್‌ನ ಫ್ಯಾನೊಂದು ಬೆಂಗಳೂರಿನ ಗುಜರಿಯಲ್ಲಿ ಸಿಕ್ಕಿದೆ ಎಂದಾಗ ಮೈಸೂರು ಸಂಸ್ಥಾನದ ಜಾಲದ ಕಡೆಗೇ ಬೆರಳು ಹೋಗುತ್ತದೆ. ಅದು ಗಣಿಯ ಬಂಗಲೆಯದೇ, ಬೆಂಗಳೂರಿನ ಮನೆಯದೇ ಎಂಬುದನ್ನು ಫ್ಯಾನು ಹೇಳುವುದಿಲ್ಲ. ಮನೆಯವರಿಗೆ ಬರೆದುಕೊಟ್ಟ ವರದಿಯಲ್ಲಿ ‘ಮೈಸೂರು ಸಂಸ್ಥಾನದ 25 ಸೈಕಲ್ ಜಾಲದಲ್ಲಿ ಬಳಸಿದ್ದು’ ಎಂದು ಬರೆದೆ. ಗಣಿಯ ಮಾತನ್ನು ವ್ಯಾಪಾರಿಯ ಹೇಳಿಕೆಯೆಂದು ಪ್ರತ್ಯೇಕವಾಗಿ ನಮೂದಿಸಿದೆ.

ಪ್ರಯೋಗಾಲಯದ ಮಧ್ಯಾಹ್ನ

ಊಹೆಯನ್ನು ಪರೀಕ್ಷಿಸದೆ ಹಣ ಖರ್ಚು ಮಾಡಿಸಬಾರದೆಂದು, ಎಂಜಿನಿಯರಿಂಗ್ ಕಾಲೇಜೊಂದರ ಪ್ರಯೋಗಾಲಯಕ್ಕೆ ಫ್ಯಾನನ್ನು ಒಯ್ದೆವು. ಅಲ್ಲಿ ವೋಲ್ಟೇಜನ್ನೂ ಆವರ್ತನವನ್ನೂ ಬೇರೆ ಬೇರೆಯಾಗಿ ಬದಲಿಸಬಹುದಾದ ವಿದ್ಯುತ್ ಮೂಲ ಇತ್ತು. ಫ್ಯಾನನ್ನು ಕಬ್ಬಿಣದ ಚೌಕಟ್ಟಿಗೆ ತೂಗುಹಾಕಿ, 220 ವೋಲ್ಟಿನಲ್ಲಿಟ್ಟು, 50 ಸೈಕಲ್‌ನಿಂದ ಶುರುಮಾಡಿ ಆವರ್ತನವನ್ನು ಮೆಲ್ಲಗೆ ಇಳಿಸುತ್ತಾ ಹೋದೆವು. ಇಂಡಕ್ಷನ್ ಮೋಟಾರಿನ ಆವರ್ತನ ಇಳಿಸಿದರೆ ವೇಗವೂ ಇಳಿಯಬೇಕೆಂದು ಓದಿದ ವಿದ್ಯಾರ್ಥಿಗಳು ಸುತ್ತ ನಿಂತಿದ್ದರು. ಇಲ್ಲಿ ಆದದ್ದು ಅದರ ತಿರುಗುಮುರುಗು. 45ಕ್ಕೆ ಇಳಿದಾಗ ಫ್ಯಾನು ಸ್ವಲ್ಪ ಚುರುಕಾಯಿತು, 35ಕ್ಕೆ ಗಾಳಿ ಮುಖಕ್ಕೆ ತಾಕಿತು, 25ಕ್ಕೆ ಬಂದಾಗ ನಾಲ್ಕು ರೆಕ್ಕೆಗಳು ಒಂದು ತಟ್ಟೆಯಾಗಿ ಕಂಡವು. ಅಳೆದಾಗ ನಿಮಿಷಕ್ಕೆ 210 ಸುತ್ತು ಇತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಎಷ್ಟೋ ದಶಕಗಳ ನಂತರ ಆ ಫ್ಯಾನಿಗೆ ತನ್ನದೇ ಕರೆಂಟು ಸಿಕ್ಕಿದ ಗಳಿಗೆ ಅದು. ಎರಡು ಗಂಟೆ ಓಡಿಸಿ ಒಡಲಿನ ಬಿಸಿಯನ್ನು ಹತ್ತು ನಿಮಿಷಕ್ಕೊಮ್ಮೆ ಬರೆದುಕೊಂಡೆವು. ಮೊದಲ ಒಂದು ಗಂಟೆ ಏರಿ ಆಮೇಲೆ ಅದು ನಿಂತಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಇದೇ ಫಲಕದಲ್ಲಿ 220ರ ಬದಲು 110 ವೋಲ್ಟು ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು. 110 ವೋಲ್ಟಿಗೆ 25 ಸೈಕಲ್ ಎಂಬ ಅನುಪಾತ, ನಮ್ಮ 230 ವೋಲ್ಟಿಗೆ 50 ಸೈಕಲ್ ಎಂಬುದಕ್ಕೆ ಹತ್ತಿರ ಹತ್ತಿರ ಸಮ. ಅಂಥ ಫ್ಯಾನನ್ನು ಗೋಡೆಯ ಪ್ಲಗ್ಗಿಗೆ ಜೋಡಿಸಿದರೆ ಅದರ ಕಾಂತಬಲ ಕುಂದದೆ, ವೇಗ ಮಾತ್ರ ತಾನು ಹುಟ್ಟಿದ ವೇಗವನ್ನು ಎಷ್ಟೋ ಮೀರಿ ಏರಬಹುದು. ವೇಗ ಇಮ್ಮಡಿಯಾದರೆ ರೆಕ್ಕೆಗಳನ್ನು ಹೊರಕ್ಕೆ ಎಳೆಯುವ ಬಲ ನಾಲ್ಕು ಪಟ್ಟಾಗುತ್ತದೆ. ಹಳೆಯ ಮರದ ರೆಕ್ಕೆ, ಸಡಿಲವಾದ ಮೊಳೆ, ಕೆಳಗೆ ಊಟಕ್ಕೆ ಕೂತ ಜನ! ಹಳೆಯ ಫ್ಯಾನನ್ನು ಫಲಕ ಓದದೆ ‘ಒಮ್ಮೆ ಹಾಕಿ ನೋಡೋಣ’ ಎಂದು ಕರೆಂಟಿಗೆ ಜೋಡಿಸುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ.

ತೀರ್ಮಾನಗಳು

ಮನೆಯವರ ಮುಂದೆ ನಾಲ್ಕು ದಾರಿಗಳಿದ್ದವು. ಹಳೆಯ ಸುರುಳಿ ಕಿತ್ತು 50 ಸೈಕಲ್‌ಗೆ ಹೊಂದಿಸುವುದು ಮೊದಲನೆಯದು. ಆದರೆ ಧ್ರುವಗಳು ಎದ್ದುನಿಂತ ಕಬ್ಬಿಣದ ಹಲ್ಲುಗಳಾಗಿದ್ದು, ಪ್ರತಿಯೊಂದರ ಅಂಚಿಗೂ ತಾಮ್ರದ ಬಳೆ ತೊಡಿಸಿರುವುದರಿಂದ, ಹತ್ತನ್ನು ಹದಿನಾರು ಮಾಡಲು ಇಡಿಯ ಹೃದಯವನ್ನೇ ಕಿತ್ತು ಹೊಸದನ್ನು ಇಡಬೇಕಾಗುತ್ತಿತ್ತು. ವೋಲ್ಟೇಜು ಇಮ್ಮಡಿ ಮಾಡುವುದು ಅಪಾಯಕಾರಿ, ಅದನ್ನು ಚರ್ಚಿಸಲೂ ಇಲ್ಲ. ದೀಪಗಳನ್ನು ಮಾತ್ರ ಉರಿಸಿ ಫ್ಯಾನನ್ನು ಅಲಂಕಾರಕ್ಕೆ ಬಿಡುವುದು ಮೂರನೆಯದು. ಕೊನೆಯದು, ಫ್ಯಾನನ್ನು ಬದಲಿಸದೆ ಕರೆಂಟನ್ನು ಬದಲಿಸುವುದು: 50 ಸೈಕಲ್ಲನ್ನು 25ಕ್ಕೆ ಇಳಿಸುವ ಸಣ್ಣ ಎಲೆಕ್ಟ್ರಾನಿಕ್ ಪರಿವರ್ತಕವನ್ನು ಗೋಡೆಯ ಕಪಾಟಿನಲ್ಲಿ ಇಡುವುದು.

ಯಜಮಾನರಿಗೆ ಮೊದಲ ದಾರಿ ಸರಳವೆನಿಸಿತ್ತು. ಆಗ ಅವರ ತಾಯಿ ಕೇಳಿದರು: “ಒಳಗಿರೋದೆಲ್ಲ ತೆಗೆದುಹಾಕಿದ ಮೇಲೆ ಅದು ಆ ಕಾಲದ ಫ್ಯಾನು ಅಂತ ಹೇಗೆ ಹೇಳ್ತೀಯಪ್ಪ?” ತೀರ್ಮಾನ ಅಲ್ಲಿಗೆ ಆಯಿತು. ಪರಿವರ್ತಕ ಕೊಳ್ಳುವಾಗ ನಾನು ಹಾಕಿದ ಷರತ್ತು ಒಂದೇ: ಅದರಿಂದ ಹೊರಬರುವ ಅಲೆ ಸೋಸಿದ, ನುಣುಪಾದ ಸೈನ್ ಅಲೆಯಾಗಿರಬೇಕು. ಅಗ್ಗದ ಪರಿವರ್ತಕಗಳ ಚೂಪು ಏಟುಗಳನ್ನು ಹತ್ತಿ ಮತ್ತು ಅರಗಿನ ಹೊದಿಕೆ ಬಹುಕಾಲ ತಾಳಲಾರದು. ವೇಗ ಇಳಿಸಬೇಕಾದಾಗ ವೋಲ್ಟೇಜನ್ನೂ ಆವರ್ತನವನ್ನೂ ಜೊತೆಜೊತೆಯಾಗಿ ಇಳಿಸುವ ಹಾಗೆ ಅದನ್ನು ಹೊಂದಿಸಿದೆವು. 25ಕ್ಕಿಂತ ಮೇಲೇರದಂತೆ ಬೀಗ ಹಾಕಿಸಿದೆವು.

ತೂಗುವ ಪೈಪಿನ ವಿಷಯದಲ್ಲಿ ಚರ್ಚೆಗೆ ಎಡೆಯೇ ಇರಲಿಲ್ಲ. ಮುಕ್ಕಾಲು ಇಂಚಿನ ಪೈಪಿಗೆ ಎರಡೂ ದೇಶಗಳ ಲೆಕ್ಕ ಇಂಚಿಗೆ 14 ಎಳೆಯೇ ಆದ್ದರಿಂದ ಬ್ರಿಟಿಷ್ ಪೈಪು ಅಮೆರಿಕದ ಕುತ್ತಿಗೆಗೆ ಕೆಲವು ಸುತ್ತು ಹೋಗಿ ಬಿಗಿಯಾಗುತ್ತದೆ. ಕೈಗೆ ಗಟ್ಟಿಯಾಗಿದೆ ಎನಿಸುತ್ತದೆ, ಆದರೆ ಕೋನ ಬೇರೆಯಾದ್ದರಿಂದ ಎಳೆಗಳು ಪೂರ್ತಿ ಕಚ್ಚಿಕೊಂಡಿರುವುದಿಲ್ಲ. ಬಿಚ್ಚಿ ನೋಡಿದಾಗ ನಾಲ್ಕು ಎಳೆಗಳ ತುದಿ ಮಾತ್ರ ಸವೆದು ಹೊಳೆಯುತ್ತಿತ್ತು. 23 ಕಿಲೋ ಭಾರ ಅಷ್ಟರ ಮೇಲೆ ನಿಂತಿತ್ತು. ಲೇತಿನಲ್ಲಿ 60 ಡಿಗ್ರಿಯ ಎಳೆಯ ಹೊಸ ಉಕ್ಕಿನ ಪೈಪು ಮಾಡಿಸಿ, ಅಡ್ಡಪಿನ್ನು ಹಾಕಿ, ಬೇರೆಯೇ ಕೊಕ್ಕೆಯಿಂದ ಉಕ್ಕಿನ ಹಗ್ಗವೊಂದನ್ನು ಕಾವಲಿಗೆ ಕಟ್ಟಿದೆವು. ತೊಲೆಯ ಕೊಕ್ಕೆಗೆ 100 ಕಿಲೋ ಮರಳಿನ ಚೀಲ ತೂಗುಹಾಕಿ ಒಂದು ಹಗಲು ಒಂದು ರಾತ್ರಿ ಬಿಟ್ಟೆವು.

ರೆಕ್ಕೆಗಳಲ್ಲಿ ಒಂದು ಆಮೇಲೆ ಸೇರಿಸಿದ್ದು. ಮೂರು ರೆಕ್ಕೆಗಳು 410 ಗ್ರಾಮಿನ ಆಸುಪಾಸಿನಲ್ಲಿದ್ದರೆ ಅದೊಂದು 470 ಗ್ರಾಮ್ ಇತ್ತು. ಹಗುರ ರೆಕ್ಕೆಗಳಿಗೆ ಸೀಸ ಕಟ್ಟುವ ಬದಲು, ಹಳೆಯ ಬಾಗಿಲೊಂದರ ಹದವಾಗಿ ಒಣಗಿದ ಮರದಿಂದ ಹೊಸದನ್ನು ಕೆತ್ತಿಸಿದೆವು. ತೂಕ ಸಮವಾದರೆ ಸಾಲದು. ಬುಡದ ಮೊಳೆರಂಧ್ರದಲ್ಲಿ ತಿರುಗಣೆಯಿಟ್ಟು ತುದಿಯನ್ನು ತಕ್ಕಡಿಗೆ ತಾಗಿಸಿ, ನಾಲ್ಕೂ ತುದಿಗಳ ಭಾರ ಸಮವಾಗುವ ತನಕ ಬಡಗಿ ಹೆರೆದರು.

ಗೊಂಚಲು

ದೀಪದ ಗೊಂಚಲು ಈ ಫ್ಯಾನಿನದೇ ಅಥವಾ ಬೇರೆ ಕಡೆಯಿಂದ ತಂದು ಸೇರಿಸಿದ್ದೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇತ್ತು. ಹಳೆಯ ಫ್ಯಾನುಗಳಿಗೆ ಕಂಡ ಕಂಡ ಗೊಂಚಲು ಜೋಡಿಸಿ ಮಾರುವುದು ಅಪರೂಪವೇನಲ್ಲ. ಮೂರು ಸಂಗತಿಗಳು ಅನುಮಾನವನ್ನು ಕಳೆದವು. ಫ್ಯಾನಿನ ನಡುಗಂಬ ತಿರುಗದೆ ನಿಲ್ಲುವಂಥದ್ದು, ಟೊಳ್ಳಾದದ್ದು. ಕೆಳಗಿನ ದೀಪಕ್ಕೆ ತಂತಿ ಹೋಗಲೆಂದೇ ಕಾರ್ಖಾನೆಯಲ್ಲಿ ಕೊರೆದದ್ದು. ಗೊಂಚಲಿನ ಕಾಂಡದ ಎಳೆಗಳೂ 60 ಡಿಗ್ರಿಯವೇ. ಬೆಳ್ಳಿ ಬಣ್ಣದ ಕೆಳಗೆ, ಹಸಿರು ಪೇಂಟಿನ ಇನ್ನೊಂದು ಪದರದ ಕೆಳಗೆ, ಒಡಲಿನಲ್ಲೂ ಗೊಂಚಲಿನಲ್ಲೂ ಒಂದೇ ಕಪ್ಪು ಜಪಾನ್ ಮೆರುಗು (ಲೋಹಕ್ಕೆ ಬಳಿಯುವ ಹೊಳಪಿನ ಕಪ್ಪು ವಾರ್ನಿಷ್), ಒಂದೇ ಕೂದಲೆಳೆಯ ಚಿನ್ನದ ಗೆರೆ ಇದ್ದವು.

ಕೈಗಳ ಒಳಗಿನ ತಂತಿಗೆ ಬಿಳಿಯ ನಾರಿನ ಹೊದಿಕೆ ಇತ್ತು. ಆ ಕಾಲದ ದೀಪಗಳಲ್ಲಿ ಶಾಖ ತಡೆಯಲು ಕಲ್ನಾರು ಬಳಸುತ್ತಿದ್ದರಾದ್ದರಿಂದ, ಅದನ್ನು ಕಲ್ನಾರೆಂದೇ ಎಣಿಸಿ ನೀರು ಚಿಮುಕಿಸಿ, ಮುಖವಾಡ ಧರಿಸಿ ತೆಗೆದು, ಎರಡು ಚೀಲಗಳಲ್ಲಿ ಮುಚ್ಚಿ ಅಂಟಿಸಿದೆವು. ಹಳೆಯ ಪೇಂಟಿನಲ್ಲಿ ಸೀಸ ಇರುವ ಸಾಧ್ಯತೆಯಿಂದ ಒಣ ಮರಳುಕಾಗದವನ್ನು ಎಲ್ಲೂ ಬಳಸಲಿಲ್ಲ.

ಹಿಂದೆ ದೀಪಕ್ಕೂ ಫ್ಯಾನಿಗೂ ಒಂದೇ ಜೋಡಿ ತಂತಿಯಿಂದ ಕರೆಂಟು ಹೋಗುತ್ತಿತ್ತು. ಈಗ ಹಾಗೆ ಮಾಡುವಂತಿರಲಿಲ್ಲ. 25 ಸೈಕಲ್‌ನ ಕರೆಂಟಿನಲ್ಲಿ ಎಲ್.ಇ.ಡಿ. ಬಲ್ಬುಗಳು ಕಣ್ಣಿಗೆ ನೋವಾಗುವಷ್ಟು ಮಿನುಗಬಹುದು. ದೀಪಕ್ಕೆ ಮನೆಯ ಸಾಮಾನ್ಯ ಕರೆಂಟು, ಫ್ಯಾನಿಗೆ ಪರಿವರ್ತಕದ ಕರೆಂಟು, ಜೊತೆಗೆ ಹಿಂದೆ ಇಲ್ಲದಿದ್ದ ಅರ್ಥಿಂಗ್ ತಂತಿ ಎಂದು ಬೇರ್ಪಡಿಸಿದೆವು. ಟೊಳ್ಳು ಕಂಬದ ಒಳವ್ಯಾಸ ಕಿರುಬೆರಳಿಗಿಂತ ಕಡಿಮೆ. ತೆಳು ಹೊದಿಕೆಯ, ಶಾಖ ತಾಳುವ ಟೆಫ್ಲಾನ್ ತಂತಿಗಳಿಂದ ಮಾತ್ರ ಇದು ಸಾಧ್ಯವಾಯಿತು. ಪಿನ್ ಹೋಲ್ಡರ್ ತೆಗೆದು ಉಳಿದ ಮೂರಕ್ಕೆ ಹೊಂದುವ ಸ್ಕ್ರೂ ಹೋಲ್ಡರ್ ಹಾಕಿದೆವು. ಈಗ ಅಂಗಡಿಯಲ್ಲಿ ಸಿಗುವ ಸ್ಕ್ರೂ ಬಲ್ಬುಗಳು ಅದರಲ್ಲಿ ಕೂರುತ್ತವೆ.

ಗಾಜಿನ ಬುರುಡೆ ಕೂರುವ ಬಳೆಯ ಅಳತೆ ಎರಡೂಕಾಲು ಇಂಚು. ಅಮೆರಿಕದಲ್ಲಿ ಇವತ್ತಿಗೂ ಫ್ಯಾನ್ ದೀಪದ ಗಾಜಿಗೆ ಇದೇ ಅಳತೆ ರೂಢಿಯಲ್ಲಿರುವುದರಿಂದ ಎರಡು ಬುರುಡೆಗಳನ್ನು ಹೊಂದಿಸುವುದು ಕಷ್ಟವಾಗಲಿಲ್ಲ. ಹಳೆಯ ಹಾಲುಗಾಜು ತುಸು ಹಳದಿ, ಹೊಸದು ಶುದ್ಧ ಬಿಳಿ. ಹೊಸದನ್ನು ಹಳೆಯದರಂತೆ ಕಾಣಿಸಲು ಬಣ್ಣ ಹಾಕುವುದು ಬೇಡವೆಂದು ಮನೆಯವರೇ ಹೇಳಿದರು, ನನಗೆ ಅದು ಬಹಳ ಹಿಡಿಸಿತು. ಗಾಜನ್ನು ಹಿಡಿಯುವ ಮೂರು ಸ್ಕ್ರೂಗಳನ್ನು ಬಿಗಿಯಬಾರದು. ಗಾಜು ಕೂದಲೆಳೆಯಷ್ಟು ಅಲುಗಾಡುವ ಹಾಗೆ ಬಿಡಬೇಕು. ಹಳೆಯ ಎರಡರಲ್ಲಿ ಒಂದರ ಕುತ್ತಿಗೆಯ ಸೀಳು ಅತಿ ಬಿಗಿದದ್ದರಿಂದಲೇ ಆದದ್ದು.

ಹಿತ್ತಾಳೆಯೆಲ್ಲ ಚಿನ್ನದ ಹಾಗೆ ಹೊಳೆಯಬೇಕೆಂಬುದು ಮನೆಯವರ ಮೊದಲ ಆಸೆಯಾಗಿತ್ತು. ಮೂಲದಲ್ಲಿ ಅದು ಹಾಗಿರಲೇ ಇಲ್ಲವೆಂದು ಕಪ್ಪು ಮೆರುಗಿನ ಎರಡು ಸೆಂಟಿಮೀಟರ್ ಕಿಟಕಿಯನ್ನು ತೆರೆದು ತೋರಿಸಿದಾಗ ಒಪ್ಪಿದರು. ಮೇಲಿನ ಎರಡು ಪದರಗಳನ್ನು ತೆಗೆಯುವಾಗ ಒಂದು ಕಡೆ ಲೇಪ ಹೆಚ್ಚು ಹೊತ್ತು ಕೂತು, ನಾಲ್ಕು ಸೆಂಟಿಮೀಟರಿನಷ್ಟು ಚಿನ್ನದ ಗೆರೆ ಅಳಿಸಿಹೋಯಿತು. ಆ ತಪ್ಪು ನನ್ನದು. ಅಲ್ಲಿ ಹೊಸ ಗೆರೆ ಎಳೆಯದೆ ಹಾಗೇ ಬಿಟ್ಟಿದ್ದೇವೆ.

ಫಲಿತಾಂಶ

ಫ್ಯಾನು ಈಗ ನಡುಮನೆಯ ತೊಲೆಯಿಂದ ತೂಗುತ್ತಿದೆ. ತಳ್ಳದೆ ತಾನೇ ಹೊರಡುತ್ತದೆ. ಬೇಸಗೆಯ ಮೂರು ತಿಂಗಳು ದಿನಕ್ಕೆ ಆರೇಳು ಗಂಟೆ ಓಡಿದ ಮೇಲೆ ಮತ್ತೆ ಮೆಗ್ಗರ್ ಹಿಡಿದಾಗ 40 ಮೆಗಾಓಮ್ ದಾಟಿತ್ತು. ತನ್ನ ಬಿಸಿಯಲ್ಲೇ ಅದು ಒಣಗುತ್ತಿದೆ. ಎಣ್ಣೆಯನ್ನು ವರ್ಷಕ್ಕೊಮ್ಮೆ ನೋಡಬೇಕು. ಒಟ್ಟು ಖರ್ಚು ಹೊಸ ತಂತಿ ಸುತ್ತಿಸುವ ಅಂದಾಜಿಗಿಂತ ಎಷ್ಟೋ ಹೆಚ್ಚಾಯಿತು, ಅದರ ದೊಡ್ಡ ಪಾಲು ಪರಿವರ್ತಕಕ್ಕೆ ಹೋಯಿತು. ಈ ಕೆಲಸ ಕೈಗೆತ್ತಿಕೊಳ್ಳುವವರು ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ತೆಗೆದ ಪಿನ್ ಹೋಲ್ಡರ್, ಭಾರದ ರೆಕ್ಕೆ, ಸವೆದ ಎಳೆಗಳ ಪೈಪಿನ ತುಂಡು ಮೂರನ್ನೂ ಚೀಟಿ ಕಟ್ಟಿ ಅಟ್ಟದ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆ. ಮುಂದೆ ಮನೆ ಕೈಬದಲಾದರೂ ಯಾರಾದರೂ ಏಣಿ ಹತ್ತಿ ನೋಡುತ್ತಾರೆಂದು, ನಾಮಫಲಕದ ಪಕ್ಕದಲ್ಲಿ ಹಿತ್ತಾಳೆಯ ಸಣ್ಣ ತಗಡೊಂದನ್ನು ತಂತಿಯಿಂದ ಕಟ್ಟಿದ್ದೇವೆ. ಅದರ ಮೇಲೆ ಕನ್ನಡದಲ್ಲಿ ಆಳವಾಗಿ ಕೊರೆಸಿರುವುದು ಇಷ್ಟು: ‘25 ಸೈಕಲ್. ಗೋಡೆಯ ಪ್ಲಗ್ಗಿಗೆ ನೇರವಾಗಿ ಜೋಡಿಸಬೇಡಿ. ಕಾಯಿಲ್ ಕೆಟ್ಟಿಲ್ಲ.’